ಹಳ್ಳಿಯ ಹಳೇ ಪಬ್‌ಗೆ ಊಟಕ್ಕೆ ಹೋಗುವ ಮುನ್ನ

ಇಂಗ್ಲೆಂಡಿಗೆ ಬಂದ ಹೊಸತು. ಒಂದು ಶನಿವಾರ ನಾನೂ ಹೆಂಡತಿಯೂ ಹಳ್ಳಿಯೊಂದರ ಹಳೇ ಪಬ್‌ಗೆ ಊಟಕ್ಕೆ ಹೋದೆವು. ಕಿಟಕಿ ಪಕ್ಕದ ಮೇಜು ಸಿಕ್ಕಿತು. ಖುಷಿಯಾಗಿ ಕೂತೆವು. ಐದು ನಿಮಿಷ ಆಯಿತು, ಹತ್ತಾಯಿತು, ಇಪ್ಪತ್ತೈದಾಯಿತು. ಯಾರೂ ಹತ್ತಿರ ಸುಳಿಯಲಿಲ್ಲ. ಪಕ್ಕದ ಮೇಜಿನ ಅಜ್ಜ, ಕಾಲ ಬುಡದಲ್ಲಿ ನಾಯಿ ಮಲಗಿಸಿಕೊಂಡವರು, ಕೊನೆಗೆ ನೋಡಲಾರದೆ ಕೌಂಟರಿನ ಕಡೆ ಕೈ ತೋರಿಸಿದರು. ಅಲ್ಲಿಗೆ ಹೋಗಿ ನಾವೇ ಕೇಳಬೇಕಿತ್ತು. ಎದ್ದು ಹೋದೆ. ಗಂಟೆ ಎರಡು ಮುಕ್ಕಾಲು. ಅಡುಗೆಮನೆ ಎರಡೂವರೆಗೇ ಮುಚ್ಚಿತ್ತು. ಅವತ್ತು ನಮ್ಮ ಊಟ ಎರಡು ಪೊಟ್ಟಣ ಆಲೂಗಡ್ಡೆ ಚಿಪ್ಸು, ಅಷ್ಟೇ.

ಆಮೇಲೆ ಇಂಥ ಎಷ್ಟೋ ಪಬ್‌ಗಳಲ್ಲಿ ಚೆನ್ನಾಗಿ ಉಂಡಿದ್ದೇವೆ. ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೇವೆ. ಪ್ರತಿ ಸಲ ಯಾರಾದರೂ ಗೆಳೆಯರು ಫೋನ್ ಮಾಡಿ, 'ಹೋಗ್ಬೇಕು ಅಂತಿದೀವಿ, ಹೇಗೆ?' ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಪಬ್ ಅಂದರೆ ಬೆಂಗಳೂರಿನವರಿಗೆ ಬರುವ ಚಿತ್ರವೇ ಬೇರೆ: ಕತ್ತಲು, ಬಣ್ಣದ ದೀಪ, ಕಿವಿ ತೂತು ಮಾಡುವ ಸಂಗೀತ. ಇಂಗ್ಲೆಂಡಿನ ಹಳ್ಳಿ ಪಬ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಪಬ್ಲಿಕ್ ಹೌಸ್ ಅನ್ನುವುದನ್ನು ಮೊಟಕು ಮಾಡಿ ಪಬ್ ಅಂದಿದ್ದಾರೆ. ಅದರಲ್ಲಿ 'ಹೌಸ್' ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇದು ಮನೆ. ಬಹಳಷ್ಟು ಕಡೆ ನಡೆಸುವವರು ಈಗಲೂ ಮಹಡಿಯ ಮೇಲೆಯೇ ವಾಸ ಮಾಡುತ್ತಾರೆ. ಯಾರದಾದರೂ ಮನೆಗೆ ಊಟಕ್ಕೆ ಹೋಗುವಾಗ ಹೊತ್ತು ನೋಡಿಕೊಂಡು, ಹೇಳಿ ಹೋಗುತ್ತೀವಲ್ಲ, ಇಲ್ಲೂ ಹಾಗೇ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಯಾವ ಪಬ್ ಅಂತ ಆರಿಸುವುದು

ಕಟ್ಟಡ ಹಳೇದು ಅನ್ನುವುದು ಒಂದು, ಊಟ ಚೆನ್ನಾಗಿದೆ ಅನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ನೋಡಬೇಕು. 'ಇಂಗ್ಲೆಂಡಿನ ಅತಿ ಹಳೆಯ ಪಬ್' ಅಂತ ಬೋರ್ಡು ಹಾಕಿಕೊಂಡವರು ಒಬ್ಬಿಬ್ಬರಲ್ಲ. ಆ ಬೋರ್ಡನ್ನು ಓದಿ ನಕ್ಕು ಮುಂದೆ ಹೋಗಿ. ಕಪ್ಪು ಬಣ್ಣ ಬಳಿದ ಮರದ ತೊಲೆ ಕಂಡ ತಕ್ಷಣ ಐನೂರು ವರ್ಷ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅವನ್ನು ಮೊನ್ನೆ ಮೊನ್ನೆ ಮೊಳೆ ಹೊಡೆದು ಕೂರಿಸಿರುತ್ತಾರೆ. ನಿಜವಾಗಿ ಹಳೇದಾದರೆ ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಹೆಸರಿರುವ ಸಾಧ್ಯತೆ ಜಾಸ್ತಿ. ಆ ಪಟ್ಟಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಊಟದ ವಿಷಯಕ್ಕೆ ನನ್ನ ಪರೀಕ್ಷೆ ಸುಲಭ: ಮೆನು ಎಷ್ಟು ಉದ್ದ ಇದೆ ನೋಡಿ. ಒಂದೇ ಹಾಳೆ, ಐದಾರು ಮುಖ್ಯ ತಿನಿಸು, ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎರಡು ಮೂರು ವಿಶೇಷ: ಅಲ್ಲಿ ಯಾರೋ ನಿಜವಾಗಿ ಅಡುಗೆ ಮಾಡುತ್ತಿದ್ದಾರೆ ಅಂತ ಅರ್ಥ. ನಾಲ್ಕು ಪುಟದ ಮೆನುವಿನಲ್ಲಿ ಬರ್ಗರು, ಲಸಾನ್ಯ, ಚಿಕನ್ ಟಿಕ್ಕಾ, ಮೆಕ್ಸಿಕನ್ ರೊಟ್ಟಿ ಎಲ್ಲ ಇದ್ದರೆ ಫ್ರೀಜರಿನಿಂದ ಮೈಕ್ರೋವೇವಿಗೆ ದಾರಿ ಸವೆದಿರುತ್ತದೆ.

ಪಬ್‌ನಲ್ಲಿ ಒಳ್ಳೆಯ ಊಟ ಅನ್ನುವುದು ಬಹಳ ಹಳೆಯ ಮಾತೇನಲ್ಲ. 1991ರಲ್ಲಿ ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯಲ್ಲಿ 'ಈಗಲ್' ಅನ್ನುವ ಪಬ್ ಹೊಸಬರ ಕೈಗೆ ಬಂದು, ಕೌಂಟರಿನ ಪಕ್ಕದಲ್ಲೇ ಒಲೆ ಹೂಡಿತು. ಗ್ಯಾಸ್ಟ್ರೋಪಬ್, ಅಂದರೆ ಒಳ್ಳೆಯ ಊಟ ಹಾಕುವ ಪಬ್, ಅನ್ನುವ ಪದ ಚಾಲ್ತಿಗೆ ಬಂದಿದ್ದು ಅಲ್ಲಿಂದ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮಾರ್ಲೋ ಊರಿನ 'ಹ್ಯಾಂಡ್ ಅಂಡ್ ಫ್ಲವರ್ಸ್' ಎರಡು ಮಿಶೆಲಿನ್ ನಕ್ಷತ್ರ (ಒಳ್ಳೆಯ ಊಟಕ್ಕೆ ಸಿಗುವ ಹೆಸರಾಂತ ಮನ್ನಣೆ) ಪಡೆದ ಮೊದಲ ಪಬ್ ಆಯಿತು. ಆದರೆ ಮೊದಲ ಸಲ ಹೋಗುವವರಿಗೆ ನಕ್ಷತ್ರದ ಪಬ್ ಬೇಡ ಅನ್ನುತ್ತೇನೆ. ಅವು ಪಬ್ ವೇಷದ ರೆಸ್ಟೋರೆಂಟುಗಳು. ಬಹಳ ಮುಂಚೆ ಬುಕ್ ಮಾಡಬೇಕು, ದುಡ್ಡೂ ಹಾಗೇ ಖರ್ಚಾಗುತ್ತದೆ.

ನಾನು ಮೊದಲು ಕಳಿಸುವುದು ವೂಸ್ಟರ್‌ಶೈರಿನ ಬ್ರೆಟ್‌ಫರ್ಟನ್ ಹಳ್ಳಿಯ 'ಫ್ಲೀಸ್ ಇನ್' ಕಡೆಗೆ. ಮುಂದೆ ಹೇಳುವ ಹೆಚ್ಚಿನ ಮಾತು ಬೇರೆ ಹಳ್ಳಿ ಪಬ್‌ಗಳಿಗೂ ಹೊಂದುತ್ತದೆ. ಆದರೆ ಒಂದು ಮನೆ ಕಣ್ಣ ಮುಂದೆ ಇದ್ದರೆ ವಿಷಯ ಬೇಗ ಅರ್ಥವಾಗುತ್ತದೆ, ಅಲ್ವಾ?

ಫ್ಲೀಸ್ ಮನೆಯ ಕಥೆ

ಇದನ್ನು ಕಟ್ಟಿದ್ದು 15ನೇ ಶತಮಾನದಲ್ಲಿ, ಬರ್ಡ್ ಅನ್ನುವ ರೈತ ಕುಟುಂಬ. ಮಲೆನಾಡಿನ ಹಳೇ ಮನೆಗಳಲ್ಲಿ ಕೊಟ್ಟಿಗೆ ಮನೆಗೆ ಅಂಟಿಕೊಂಡಿರುತ್ತಲ್ಲ, ಇದೂ ಹಾಗೇ. ಜನ ಒಂದು ಕಡೆ, ದನ ಕುರಿ ಇನ್ನೊಂದು ಕಡೆ, ಚಾವಣಿ ಒಂದೇ. 1848ರವರೆಗೂ ಅದು ಬರೀ ಒಕ್ಕಲು ಮನೆ. ಅದಕ್ಕೆ ಮುಂಚೆ, 1830ರಲ್ಲಿ, ಬ್ರಿಟಿಷ್ ಸರ್ಕಾರ ಬಿಯರ್ ಕಾಯ್ದೆ ಅಂತ ಒಂದು ತಂದಿತ್ತು. ಎರಡು ಗಿನಿ, ಅಂದರೆ ಎರಡು ಪೌಂಡಿಗೆ ತುಸು ಜಾಸ್ತಿ, ಶುಲ್ಕ ಕಟ್ಟಿದರೆ ತೆರಿಗೆ ಕೊಡುವ ಯಾವ ಮನೆಯವರೂ ತಮ್ಮ ಮನೆಯಲ್ಲೇ ಬಿಯರ್ ಮಾರಬಹುದಿತ್ತು. ದೇಶದ ತುಂಬ ಜಗಲಿಗಳು ಪಬ್ ಆದವು. ಬರ್ಡ್ ಮನೆತನದವರೂ 1848ರಲ್ಲಿ ಬಾಗಿಲು ತೆರೆದರು.

ಆ ಮನೆತನದ ಕೊನೆಯ ಕೊಂಡಿ ಲೋಲಾ ಟ್ಯಾಪ್ಲಿನ್ ಅನ್ನುವ ಅಜ್ಜಿ. 1977ರಲ್ಲಿ ತೀರಿಕೊಂಡಾಗ ಮನೆಯನ್ನು, ಪಾತ್ರೆ ಪಗಡಿ ಮೇಜು ಕುರ್ಚಿ ಸಮೇತ, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಬರೆದಿಟ್ಟಿದ್ದರು. ಪಬ್ ಆಗಿಯೇ ನಡೆಯಬೇಕು ಅನ್ನುವುದು ಅವರ ಆಸೆ. ಚಿಪ್ಸ್ ಪೊಟ್ಟಣ ಮಾರಕೂಡದು ಅಂತಲೂ ಷರತ್ತು ಹಾಕಿದ್ದರಂತೆ. ಕಥೆಯೋ ನಿಜವೋ, ಎರಡು ಪೊಟ್ಟಣದಲ್ಲಿ ಮಧ್ಯಾಹ್ನ ಕಳೆದ ನನಗೆ ಈ ಅಜ್ಜಿಯ ಮೇಲೆ ಗೌರವ ಜಾಸ್ತಿ. 2004ರಲ್ಲಿ ಹುಲ್ಲಿನ ಚಾವಣಿಗೆ ಬೆಂಕಿ ಬಿತ್ತು. ದುರಸ್ತಿ ಮಾಡಿ ಮರುವರ್ಷ ಮತ್ತೆ ತೆರೆದರು.

ಒಳಗೆ ಹೋದರೆ ಅಗ್ಗಿಷ್ಟಿಕೆಯ ಮುಂದಿನ ಕಲ್ಲುಹಾಸನ್ನು ಬಗ್ಗಿ ನೋಡಿ. ಬಿಳಿ ಬಣ್ಣದ ವೃತ್ತಗಳು ಕಾಣುತ್ತವೆ. ಚಿಮಣಿಯ ದಾರಿಯಲ್ಲಿ ಮಾಟಗಾತಿ ಇಳಿದು ಬರದಂತೆ ಹಾಕಿದ ಗೆರೆ ಅವು. ನನ್ನ ಅಮ್ಮ ನೋಡಿದವರೇ, 'ಓಹೋ, ರಂಗೋಲಿ' ಅಂದರು. ರಂಗೋಲಿ ಲಕ್ಷ್ಮಿ ಒಳಗೆ ಬರಲಿ ಅಂತ, ಇದು ಮಾಟಗಾತಿ ಬಾರದಿರಲಿ ಅಂತ. ಅದೇ ಮನೆಯಲ್ಲಿ ಹಳೇ ಪ್ಯೂಟರ್ ತಟ್ಟೆಗಳ ಸಾಲು ಇದೆ. ತವರ ಬೆರೆಸಿದ ಬೂದು ಲೋಹ ಅದು. ಅಜ್ಜಿ ಮನೆಯ ಅಟ್ಟದ ಹಿತ್ತಾಳೆ ಪಾತ್ರೆ ನೆನಪಾಗುವ ಹಾಗಿದೆ. ಕೈ ಹಚ್ಚಬೇಡಿ.

ಹೊತ್ತು, ವಾರ, ಋತು

ಪಬ್ ತೆರೆದಿರುವ ಸಮಯ ಬೇರೆ, ಅಡುಗೆಮನೆ ತೆರೆದಿರುವ ಸಮಯ ಬೇರೆ. ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಾಗಿಲು ರಾತ್ರಿ ಹನ್ನೊಂದರವರೆಗೂ ತೆರೆದಿರಬಹುದು. ಊಟ ಮಾತ್ರ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ಎರಡು, ಎರಡೂವರೆ. ಸಂಜೆ ಆರರಿಂದ ಒಂಬತ್ತರೊಳಗೆ. ನಮ್ಮ ಹಾಗೆ ರಾತ್ರಿ ಒಂಬತ್ತೂವರೆಗೆ ಹಸಿವಾಗುವವರಿಗೆ ಇದು ಕಷ್ಟ. ಭಾನುವಾರ ಮಧ್ಯಾಹ್ನ ರೋಸ್ಟ್ ಊಟ ಮುಗಿಸಿ ಸಂಜೆ ಒಲೆ ಆರಿಸುವವರು ಬಹಳ. ಸೋಮವಾರ ಅಡುಗೆಯೇ ಇಲ್ಲದ ಕಡೆಯೂ ಉಂಟು. ಹಿಂದಿನ ದಿನ ಒಂದು ಫೋನ್ ಮಾಡಿ, 'ಎಷ್ಟು ಹೊತ್ತಿನ ತನಕ ಊಟ ಸಿಗುತ್ತೆ?' ಅಂತ ಕೇಳಿ. ಭಾನುವಾರವಾದರೆ ಅದೇ ಫೋನಿನಲ್ಲಿ ಮೇಜು ಕಾದಿರಿಸಿಬಿಡಿ.

ನನಗಿಷ್ಟ ವಾರದ ನಡುವಿನ ಮಧ್ಯಾಹ್ನ. ಬುಧವಾರ, ಗುರುವಾರ. ಜನ ಕಮ್ಮಿ. ಕೌಂಟರಿನವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ.

ಬ್ರೆಟ್‌ಫರ್ಟನ್ ಇರುವುದು ಈವ್‌ಶಮ್ ಕಣಿವೆಯಲ್ಲಿ. ಇದು ಆಸ್ಪ್ಯಾರಗಸ್ ಬೆಳೆಯುವ ಸೀಮೆ. ನಮ್ಮ ಶತಾವರಿಯ ಬಂಧು. ನಾವು ಬೇರು ಬಳಸುತ್ತೇವೆ, ಇವರು ಮಣ್ಣಿನಿಂದ ಮೇಲೆದ್ದ ಎಳೆ ಕಾಂಡ ತಿನ್ನುತ್ತಾರೆ. ರೂಢಿಯ ಲೆಕ್ಕದಲ್ಲಿ ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದಿಂದ ಜೂನ್ 21ರವರೆಗೆ ಕೊಯ್ಲು. ಎರಡೇ ತಿಂಗಳು. ಮೇ ಕೊನೆಯಲ್ಲಿ ಫ್ಲೀಸ್ ಅಂಗಳದಲ್ಲಿ ಕಟ್ಟು ಕಟ್ಟು ಆಸ್ಪ್ಯಾರಗಸ್ ಹರಾಜು ಹಾಕುವ ಪದ್ಧತಿ ಇದೆ. ಆ ಋತುವಿನಲ್ಲಿ ಹೋದರೆ ಬೇರೇನೂ ಯೋಚಿಸದೆ ಅದನ್ನೇ ತರಿಸಿ. ಬೆಣ್ಣೆ, ಉಪ್ಪು, ಕಾಳುಮೆಣಸು ಸಾಕು. ಬೆರಳಲ್ಲಿ ಹಿಡಿದು ತಿಂದರೂ ಯಾರೂ ಏನೂ ಅನ್ನುವುದಿಲ್ಲ. ನುಗ್ಗೆಕಾಯಿ ತಿಂದು ಬೆಳೆದವರಿಗೆ ಇದೇನು ಹೊಸದೇ?

ಹೋಗುವ ದಾರಿ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ವೂಸ್ಟರ್ ಕಡೆ ಹೋಗುವ ರೈಲು ಹಿಡಿದು ಹನಿಬೋರ್ನ್‌ನಲ್ಲಿ ಇಳಿಯಿರಿ. ಹತ್ತಿರ ಹತ್ತಿರ ಎರಡು ಗಂಟೆ ದಾರಿ. ಅಲ್ಲಿಂದ ಬ್ರೆಟ್‌ಫರ್ಟನ್ ಮೂರು ಕಿಲೋಮೀಟರಿಗೆ ತುಸು ಜಾಸ್ತಿ. ನಡೆದೇ ಹೋಗಬಹುದು, ನೆಲ ಚಪ್ಪಟೆ. ಕಾರಿನಲ್ಲಿ ಹೋಗುವುದಾದರೆ ಯಾರು ಓಡಿಸುತ್ತಾರೆ ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಇಂಗ್ಲೆಂಡಿನಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಮದ್ಯ, ಸ್ಕಾಟ್ಲೆಂಡಿನಲ್ಲಿ 50. 'ಅರ್ಧ ಗ್ಲಾಸ್ ಪರವಾಗಿಲ್ಲ' ಅನ್ನುವ ಲೆಕ್ಕಾಚಾರ ಬೇಡ. ಓಡಿಸುವವರು ಶುಂಠಿ ಪಾನಕ ಕುಡಿಯಲಿ.

ಬಾಗಿಲು ದಾಟಿದ ಮೇಲೆ

ತಲೆ ಬಗ್ಗಿಸಿ. ನಿಜವಾಗಿಯೂ. ಹಳೇ ಮನೆಗಳ ಬಾಗಿಲು ಗಿಡ್ಡ, ತೊಲೆ ಇನ್ನೂ ಗಿಡ್ಡ. ಎಷ್ಟೋ ಪಬ್‌ಗಳಲ್ಲಿ ತೊಲೆಯ ಮೇಲೆ 'ಡಕ್ ಆರ್ ಗ್ರೌಸ್' ಅಂತ ಬರೆದಿರುತ್ತಾರೆ. ಎರಡೂ ಹಕ್ಕಿಯ ಹೆಸರು. ಆದರೆ ಡಕ್ ಅಂದರೆ ಬಗ್ಗು, ಗ್ರೌಸ್ ಅಂದರೆ ಗೊಣಗು. ಆರಡಿಯ ನನ್ನ ಭಾಮೈದ ಎರಡನ್ನೂ ಮಾಡಿದ, ಆದರೆ ಗೊಣಗಿದ್ದು ಮೊದಲು.

'ಇಲ್ಲಿ ಕಾಯಿರಿ' ಅನ್ನುವ ಬೋರ್ಡು ಇದ್ದರೆ ಕಾಯಿರಿ. ಇಲ್ಲದಿದ್ದರೆ ಖಾಲಿ ಮೇಜು ಹಿಡಿದು, ಅದರ ಮೇಲಿನ ನಂಬರು ನೋಡಿಕೊಂಡು, ಒಬ್ಬರು ಕೌಂಟರಿಗೆ ಹೋಗಿ. ಎಲ್ಲರೂ ಗುಂಪಾಗಿ ಹೋಗಬೇಡಿ. ಕೌಂಟರಿನಲ್ಲಿ ಸಾಲು ಇರುವುದಿಲ್ಲ, ಉದ್ದಕ್ಕೂ ಜನ ಒರಗಿ ನಿಂತಿರುತ್ತಾರೆ. ಆದರೆ ಯಾರು ಮೊದಲು ಬಂದರು ಅನ್ನುವುದು ಒಳಗಿನವರಿಗೂ ಗೊತ್ತು, ನಿಂತವರಿಗೂ ಗೊತ್ತು. ನಿಮ್ಮ ಸರದಿ ಮುಂಚೆ ಬಂದರೆ 'ಇವರು ನನಗಿಂತ ಮೊದಲು ಬಂದವರು' ಅನ್ನಿ. ಆ ಒಂದು ಮಾತಿಗೆ ನೀವು ಅರ್ಧ ಊರಿನವರಾಗಿಬಿಡುತ್ತೀರಿ. ಚಿಟಿಕೆ ಹೊಡೆಯುವುದು, ನೋಟು ಬೀಸುವುದು ಬೇಡವೇ ಬೇಡ.

ಊಟ ಕುಡಿತ ಎರಡನ್ನೂ ಅಲ್ಲೇ ಹೇಳಿ, ಹೆಚ್ಚಿನ ಕಡೆ ಅಲ್ಲೇ ಮುಂಗಡ ದುಡ್ಡು ಕೊಡಬೇಕು. ಗೆಳೆಯರ ಗುಂಪಾದರೆ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸುವುದು ಇಲ್ಲಿನ ರೂಢಿ. ಮೂರು ಸುತ್ತು ಕುಡಿದು ತನ್ನ ಸರದಿಗೆ ಶೌಚಾಲಯ ಹುಡುಕುವವನನ್ನು ಯಾರೂ ಮರೆಯುವುದಿಲ್ಲ.

ಏನು ಕುಡಿಯುವುದು

ಕೌಂಟರಿನ ಮೇಲೆ ಉದ್ದ ಹಿಡಿಕೆಗಳು ನಿಂತಿರುತ್ತವೆ. ಅವನ್ನು ಎಳೆದು ಸುರಿಯುವುದೇ ಕಾಸ್ಕ್ ಏಲ್, ಪೀಪಾಯಿಯೊಳಗೇ ಹುಳಿಯುತ್ತಾ ಇರುವ ಜೀವಂತ ಬಿಯರ್. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ನಮ್ಮ ಐಸ್‌ ಬಿಯರ್ ಅಭ್ಯಾಸದವರಿಗೆ ಮೊದಲ ಗುಟುಕು 'ಬಿಸಿ' ಅನಿಸುತ್ತದೆ. ಮೂರನೇ ಗುಟುಕಿಗೆ ರುಚಿ ಗೊತ್ತಾಗುತ್ತದೆ. ಒಂದು ಪೈಂಟ್ ಅಂದರೆ 568 ಮಿಲಿಲೀಟರ್, ಸುಮ್ನೆ ದೊಡ್ಡಸ್ತಿಕೆಗೆ ತಗೋಬೇಡಿ, ಅರ್ಧ ಪೈಂಟ್ ಕೇಳಿ. ಯಾವುದು ಅಂತ ತಿಳಿಯದಿದ್ದರೆ ರುಚಿ ನೋಡಲು ಕೇಳಬಹುದು, ಒಂದು ಗುಟುಕು ಪುಕ್ಕಟೆ ಕೊಡುತ್ತಾರೆ. ಹುಳಿ ವಿನೆಗರ್ ವಾಸನೆ ಬಂದರೆ ಸಂಕೋಚ ಬೇಡ, ಹೇಳಿ. ಬದಲಾಯಿಸಿ ಕೊಡುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಗುಟ್ಟು. ಕಾಸ್ಕ್ ಏಲನ್ನು ತಿಳಿ ಮಾಡಲು ಐಸಿಂಗ್ಲಾಸ್ ಅಂತ ಹಾಕುವ ಪದ್ಧತಿ ಹಳೇದು. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. 'ಬಿಯರ್ ಸಸ್ಯಾಹಾರಿ ಅಲ್ವಾ' ಅಂದುಕೊಂಡು ವರ್ಷಗಟ್ಟಲೆ ಕುಡಿದ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಈಗ ಅದಿಲ್ಲದೆ ಮಾಡುವವರೂ ಇದ್ದಾರೆ. 'ವೀಗನ್ ಏಲ್ ಇದೆಯಾ' ಅಂತ ಕೇಳಿದರೆ ತೋರಿಸುತ್ತಾರೆ.

ಕುಡಿಯದವರಿಗೂ ಒಂದು ಎಚ್ಚರಿಕೆ. ಇಲ್ಲಿ ಸೈಡರ್ ಅಂದರೆ ಸೇಬಿನ ರಸ ಅಲ್ಲ, ಸೇಬಿನ ಮದ್ಯ, ಬಿಯರ್‌ಗಿಂತ ಜೋರಾಗಿಯೇ ಇರಬಹುದು. ಆದರೆ ಜಿಂಜರ್ ಬಿಯರ್ ಅನ್ನುವುದು ಸಾಮಾನ್ಯವಾಗಿ ಮದ್ಯ ಇಲ್ಲದ ಶುಂಠಿ ಪಾನಕ. ಹೆಸರಿನಲ್ಲಿ ಬಿಯರ್ ಇರುವುದು ಅಮ್ಮನಿಗೆ, ಇಲ್ಲದಿರುವುದು ಅಪ್ಪನಿಗೆ. ಎಲ್ಡರ್‌ಫ್ಲವರ್ ಪಾನಕವೂ ಚೆನ್ನ, ಬಿಳಿ ಹೂವಿನ ಗೊಂಚಲಿನಿಂದ ಮಾಡುತ್ತಾರೆ.

ಏನು ತಿನ್ನುವುದು

ಭಾನುವಾರವಾದರೆ ರೋಸ್ಟ್. ಹುರಿದ ಮಾಂಸ, ಒಲೆಯಲ್ಲಿ ಗರಿಗರಿಯಾದ ಆಲೂಗಡ್ಡೆ, ಕ್ಯಾರೆಟ್ಟು, ಕೋಸು, ಮೇಲೆ ಗ್ರೇವಿ. ದನದ ಮಾಂಸಕ್ಕೆ ಖಾರದ ಬೇರಿನ ಹಾರ್ಸ್‌ರ್‍ಯಾಡಿಶ್ ಚಟ್ನಿ, ಕುರಿಗೆ ಪುದೀನ, ಹಂದಿಗೆ ಸೇಬು. ಜೊತೆಗೆ ಯಾರ್ಕ್‌ಶೈರ್ ಪುಡ್ಡಿಂಗ್. ಹೆಸರು ಪುಡ್ಡಿಂಗ್ ಆದರೂ ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಕಾದ ಕೊಬ್ಬಿಗೆ ಸುರಿದರೆ ಊದಿಕೊಂಡು ಬಟ್ಟಲಿನ ಹಾಗಾಗುತ್ತದೆ. ಆ ಬಟ್ಟಲಿಗೆ ಗ್ರೇವಿ ತುಂಬಿ, ಅಂಚು ಮುರಿದು ಅದ್ದಿಕೊಂಡು ತಿನ್ನಿ. ಒಳಗೆ ಮೆತ್ತಗೆ, ಅಂಚಲ್ಲಿ ಕರಂ ಕುರುಂ. ಹಾರ್ಸ್‌ರ್‍ಯಾಡಿಶ್ ಮಾತ್ರ ಚೂರೇ ಚೂರು. ಅದರ ಖಾರ ನಾಲಿಗೆಗೆ ಅಲ್ಲ, ನೇರ ಮೂಗಿಗೆ ಏರುತ್ತದೆ.

ಸಸ್ಯಾಹಾರಿಗಳು 'ತರಕಾರಿ ಮಾತ್ರ ಕೊಡಿ' ಅಂದರೆ ಸಾಲದು. ಆಲೂಗಡ್ಡೆ, ಚಿಪ್ಸು (ಪೊಟ್ಟಣದ್ದಲ್ಲ, ಬಿಸಿ ಫ್ರೆಂಚ್ ಫ್ರೈಸ್), ಪುಡ್ಡಿಂಗ್ ಮೂರನ್ನೂ ದನದ ಕೊಬ್ಬಿನಲ್ಲಿ ಕರಿಯುವ ಪಬ್‌ಗಳಿವೆ. ಅದನ್ನೇ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ ಕೂಡ. ಗ್ರೇವಿ ಮಾಂಸದ ರಸದ್ದು. ಕೆಲವು ಹಳೇ ಬಗೆಯ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಹಾಗಾಗಿ ಮೂರು ಪ್ರಶ್ನೆ ಕೇಳಿ: ಯಾವುದರಲ್ಲಿ ಕರಿಯುತ್ತೀರಿ, ಗ್ರೇವಿ ಬೇರೆ ಇದೆಯಾ, ಚೀಸ್ ಸಸ್ಯಾಹಾರಿಯಾ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಲರ್ಜಿ ತರುವ 14 ಪದಾರ್ಥಗಳ ಬಗ್ಗೆ ಮಾಹಿತಿ ಕೊಡಬೇಕು ಅನ್ನುವ ಕಾನೂನೇ ಇರುವುದರಿಂದ ಕೇಳಿಸಿಕೊಳ್ಳುವ ಅಭ್ಯಾಸ ಅವರಿಗಿದೆ. ಒಳ್ಳೆಯ ಅಡುಗೆಮನೆಯಾದರೆ ಅಣಬೆಯ ಪೈ ಇಲ್ಲವೇ ಬೀಜಗಳ ರೋಸ್ಟ್ ಸಿಗುತ್ತದೆ. ಬೀಜಗಳ ರೋಸ್ಟ್ ಒಣಗಿದ್ದರೆ ದೇವರೇ ಗತಿ, ಗ್ರೇವಿ ಜಾಸ್ತಿ ಕೇಳಿ.

ಪೈ ತರಿಸುವಾಗಲೂ ಒಮ್ಮೆ ವಿಚಾರಿಸಿ. ಸುತ್ತಲೂ ಹಿಟ್ಟಿನ ಗೋಡೆ ಇದ್ದರೆ ಪೈ. ಬಟ್ಟಲಲ್ಲಿ ಸಾರು ಹಾಕಿ ಮೇಲೆ ಮುಚ್ಚಳ ಇಟ್ಟರೆ ಅದು ಟೋಪಿ ಹಾಕಿದ ಸಾಗು ಅಷ್ಟೇ ಅನ್ನುವುದು ಇಲ್ಲಿನವರದೇ ದೂರು, ನಾನೂ ಅವರ ಪಕ್ಷ.

'ಪ್ಲೌಮನ್ಸ್ ಲಂಚ್' ಅಂತ ಒಂದಿದೆ. ಉಳುವವನ ಬುತ್ತಿ. ಬ್ರೆಡ್ಡು, ದಪ್ಪ ಚೀಸು, ಉಪ್ಪಿನಕಾಯಿ, ಈರುಳ್ಳಿ. ಬ್ರೆಡ್ಡು ಚೀಸಿನ ಜೋಡಿ ಪುರಾತನವೇ, ಆದರೆ ಆ ಹೆಸರನ್ನು ಮನೆಮಾತು ಮಾಡಿದ್ದು 1950, 60ರ ದಶಕದಲ್ಲಿ ಚೀಸ್ ಮಾರಾಟ ಹೆಚ್ಚಿಸಲು ಹೊರಟ ಪ್ರಚಾರದವರು. ಅದರಿಂದ ರುಚಿಯೇನೂ ಕಮ್ಮಿಯಾಗಿಲ್ಲ. ರೊಟ್ಟಿ, ಹಸಿ ಈರುಳ್ಳಿ, ಚಟ್ನಿ ತಿಂದು ಗೊತ್ತಿರುವ ಉತ್ತರ ಕರ್ನಾಟಕದವರಿಗೆ ಇದು ತಕ್ಷಣ ಒಪ್ಪುತ್ತದೆ.

ಕೊನೆಗೆ ಸ್ಟಿಕಿ ಟಾಫಿ ಪುಡ್ಡಿಂಗ್. ಖರ್ಜೂರದ ಕೇಕು, ಮೇಲೆ ಬೆಲ್ಲದ ಪಾಕದಂಥ ಬಿಸಿ ಸಾಸು. ಇಬ್ಬರಿಗೆ ಒಂದು ಸಾಕು.

ಮಕ್ಕಳು, ನಾಯಿ, ದುಡ್ಡು

ಊಟಕ್ಕೆ ಮಕ್ಕಳನ್ನು ಕರೆದೊಯ್ಯಬಹುದು, ಆದರೆ ರಾತ್ರಿ ಇಷ್ಟು ಹೊತ್ತಿನ ಮೇಲೆ ಬೇಡ ಅನ್ನುವ ಕಡೆಗಳಿವೆ. ಮದ್ಯ ಕೊಳ್ಳಲು 18 ವರ್ಷ ಆಗಿರಬೇಕು. 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ, ಓದಲು ಬಂದ ಹುಡುಗ ಹುಡುಗಿಯರು ಜೇಬಿನಲ್ಲಿ ಇಟ್ಟುಕೊಳ್ಳಿ. ನಾಯಿಗಳು ಒಳಗೇ ಇರುತ್ತವೆ, ಹೆದರುವವರು ಇದ್ದರೆ ಕೂರುವ ಮುಂಚೆ ಸುತ್ತ ನೋಡಿ.

ಕೌಂಟರಿನಲ್ಲಿ ತಗೊಂಡ ಬಿಯರಿಗೆ ಟಿಪ್ಸ್ ಕೊಡುವ ರೂಢಿ ಇಲ್ಲ. ತುಂಬ ಖುಷಿಯಾದರೆ 'ನಿಮಗೂ ಒಂದು' ಅಂತ ಹೇಳಿ ಅದರ ದುಡ್ಡು ಸೇರಿಸುತ್ತಾರೆ. ಮೇಜಿಗೆ ತಂದು ಬಡಿಸಿದರೆ ನೂರಕ್ಕೆ ಹತ್ತು ಬಿಡಬಹುದು, ಮೊದಲು ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯಾ ನೋಡಿ.

ಹೊರಡುವಾಗ

ರಾತ್ರಿಯಾದರೆ ಗಂಟೆ ಬಾರಿಸುತ್ತಾರೆ. ಅದು ಕೊನೆಯ ಸಲ ಕೊಳ್ಳಲು ಕರೆ. ಆಮೇಲೆ ಇನ್ನೊಮ್ಮೆ ಕೂಗಿದರೆ ಮಾರಾಟ ಮುಗಿಯಿತು, ಗ್ಲಾಸು ಖಾಲಿ ಮಾಡಿ ಏಳಬೇಕು. ಏಳುವಾಗ ಖಾಲಿ ಗ್ಲಾಸುಗಳನ್ನು ಕೌಂಟರಿಗೆ ತಂದಿಡಿ. ಯಾರೂ ಹೇಳುವುದಿಲ್ಲ, ಆದರೆ ಊರಿನವರೆಲ್ಲ ಮಾಡುತ್ತಾರೆ. ನಮ್ಮ ಅಮ್ಮ ಮೊದಲ ಸಲವೇ, ಯಾರೂ ಹೇಳದೆ, ತಟ್ಟೆಗಳನ್ನೂ ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡು ಹೊರಟಿದ್ದರು. ಕೌಂಟರಿನ ಹುಡುಗಿ ಓಡಿ ಬಂದು ತಗೊಂಡಳು.

ಹನಿಬೋರ್ನ್‌ಗೆ ನಡೆದು ವಾಪಸ್ಸಾಗುವವರು ಒಂದು ಟಾರ್ಚ್ ಇಟ್ಟುಕೊಳ್ಳಿ. ಹಳ್ಳಿ ದಾಟಿದ ಮೇಲೆ ಬೀದಿದೀಪ ಇರುವುದಿಲ್ಲ. ರೈಲು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ಕಾಯಬೇಕಾಗಬಹುದು, ಆ ನಿಲ್ದಾಣದಲ್ಲಿ ಚಹಾ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.